ಕೈ ಸುಟ್ಟರೆ ಹರವಿಯ ಕಡೆ ಓಡು

ತಂಗಿ, ನನ್ನ ಎಡಪಾದದ ಮೇಲೆ ವೀಳ್ಯದೆಲೆಯಷ್ಟು ಅಗಲದ ಒಂದು ಕಲೆ ಇದೆ. ಅಲ್ಲಿ ಚರ್ಮ ನುಣ್ಣಗೆ ಬೆಳ್ಳಗಿದೆ. ವೈಶಾಖದ ಬಿಸಿಲಿಗೂ ಆ ಜಾಗ ಬೆವರುವುದಿಲ್ಲ. ಚಪ್ಪಲಿಯ ಪಟ್ಟಿ ತಾಗಿದರೆ ಈಗಲೂ ಚುರುಗುಟ್ಟುತ್ತದೆ. ಮೊಮ್ಮಕ್ಕಳು ಮುಟ್ಟಿ ನೋಡಿ, "ಆಯೀ, ಇದೇನ?" ಎಂದು ಕೇಳಿದಾಗಲೆಲ್ಲ "ಹೋಳಿಗಿ ತಿಂದದ್ದರ ಲೆಕ್ಕ" ಎನ್ನುತ್ತೇನೆ. ಅವು ನಗುತ್ತವೆ. ನೀನು ಈಗಷ್ಟೇ ಒಲೆಯ ಮುಂದೆ ನಿಂತವಳು, ನಿನಗೆ ಪೂರ್ತಿ ಹೇಳುತ್ತೇನೆ.

1972ರ ಬರ ಮುಗಿದು ಒಂದೆರಡು ವರ್ಷವಾಗಿತ್ತು. ಚಡಚಣದ ಕಡೆಯಿಂದ ಗಡಿಯಾಚೆಯ, ಮಹಾರಾಷ್ಟ್ರದ ಉಮದಿಗೆ ಸೊಸೆಯಾಗಿ ಬಂದ ನನಗೆ ಅದು ಮೊದಲ ಹೋಳಿ ಹುಣ್ಣಿಮೆ. ಹೋಳಿಗೆಗೆ ಕಡಲೆಬೇಳೆ ಬೆಂದಿತ್ತು, ಕಟ್ಟು ಬಸಿಯಬೇಕಿತ್ತು. ಬೋಗುಣಿಯ ಬಾಯಿಗೆ ತಾಟು ಮುಚ್ಚಿ, ಎರಡೂ ಕಡೆ ಅರಿವೆಯಿಂದ ಬಿಗಿಯಾಗಿ ಹಿಡಿದು ಮೆಲ್ಲಗೆ ವಾಲಿಸಿದರೆ ಸಂದಿಯಿಂದ ಕಟ್ಟು ಇಳಿಯುತ್ತದೆ, ಬೇಳೆ ಒಳಗೇ ಉಳಿಯುತ್ತದೆ. ನಾನು ಕೈಗೆ ತೆಗೆದುಕೊಂಡದ್ದು ಆಗಷ್ಟೇ ಕಟ್ಟೆ ಒರೆಸಿದ್ದ ಹಸಿ ಅರಿವೆ. ಒಣ ಬಟ್ಟೆಯ ಎಳೆಗಳ ನಡುವೆ ಗಾಳಿ ಇರುತ್ತದೆ, ಅದು ಬಿಸಿಯನ್ನು ತಡೆಯುತ್ತದೆ. ಹಸಿ ಬಟ್ಟೆಯಲ್ಲಿ ಆ ಗಾಳಿಯ ಜಾಗದಲ್ಲಿ ನೀರು ಕೂತಿರುತ್ತದೆ, ಬಿಸಿ ಚಣದಲ್ಲಿ ಬೆರಳಿಗೆ ದಾಟುತ್ತದೆ. ಬೆರಳು ಚುರ್ ಎಂದವು, ಹಿಡಿತ ಸಡಿಲಿತು, ತಾಟು ಜಾರಿತು. ಕುದಿಯುವ ಕಟ್ಟು ಪಾದದ ಮೇಲೆ ಬಿತ್ತು.

ನಾನು ಚೀರಿದ್ದಕ್ಕೆ ಮನೆಯವರೆಲ್ಲ ಕೂಡಿದರು. ಯಾರೋ ತಂಬಿಗೆ ಹಿಡಿದು ಬಂದರು. ಅತ್ತೆಯವರು ತಡೆದರು: "ನೀರ ಹಾಕಬ್ಯಾಡ್ರಿ, ಬೊಬ್ಬಿ ಏಳತಾವ!" ಸಾಲಿಗೆ ಹೋಗುವ ಮೈದುನನ ಶಾಯಿ ದೌತಿ ತಂದು ಪಾದದ ಮೇಲೆ ಸುರಿದರು. ಮರುದಿನ ಯಾರೋ ಹೇಳಿದರೆಂದು ತುಪ್ಪ, ಅದರ ಮರುದಿನ ಇನ್ಯಾರೋ ಹೇಳಿದರೆಂದು ಅರಿಷಿಣ. ಎಂಟನೆಯ ದಿನಕ್ಕೆ ಗಾಯ ನಾರತೊಡಗಿತು. ಕೊನೆಗೆ ದವಾಖಾನೆಗೆ ಒಯ್ದಾಗ ಅಲ್ಲಿಯವರು ಶಾಯಿ, ತುಪ್ಪ, ಅರಿಷಿಣದ ಆ ರಾಡಿಯನ್ನು ಕೆರೆದು ತೆಗೆದರು. ಸುಟ್ಟ ನೋವಿಗಿಂತ ಕೆರೆದ ನೋವು ನನಗೆ ಹೆಚ್ಚು ನೆನಪಿದೆ.

ಅತ್ತೆಯವರು ಕೆಟ್ಟವರಲ್ಲ. ಅವರ ಅತ್ತೆ ಹೇಳಿಕೊಟ್ಟದ್ದನ್ನು ಅವರು ಮಾಡಿದರು. ಆದರೆ ನಾನು ಬಿದ್ದು ಒದ್ದಾಡುತ್ತಿದ್ದ ಜಾಗದಿಂದ ನಾಲ್ಕೇ ಹೆಜ್ಜೆ ದೂರದಲ್ಲಿ ತಣ್ಣೀರು ತುಂಬಿದ ಹರವಿ ಇತ್ತು. ಅದೊಂದೇ ಔಷಧ, ಅದನ್ನೇ ಯಾರೂ ಮುಟ್ಟಲಿಲ್ಲ. ಹಾಗಾಗಿ ಈ ಮುದುಕಿಯ ಕಿವಿಮಾತು ಇಷ್ಟೇ: ಸುಟ್ಟ ಕೂಡಲೇ ನಿನ್ನ ಕೈ ಅರಿಷಿಣದ ಡಬ್ಬಿಗೆ ಹೋಗಬಾರದು, ಹರವಿಗೆ ಹೋಗಬೇಕು. ಮಿಕ್ಕಿದ್ದೆಲ್ಲ ಇದರ ವಿವರಣೆ.

ಒಲೆಯಿಂದ ಇಳಿಸಿದ ಅನ್ನ ಮುಚ್ಚಳದ ಕೆಳಗೆ ಇನ್ನೂ ಅರಳುತ್ತಿರುತ್ತದಲ್ಲ, ಸುಟ್ಟ ಚರ್ಮವೂ ಹಾಗೆಯೇ. ಬಿಸಿ ಮೇಲಿನಿಂದ ಹೋದ ಮೇಲೂ ಒಳಗೆ ಬೇಯುತ್ತಲೇ ಇರುತ್ತದೆ. ಆ ಬೇಯುವುದನ್ನು ನಿಲ್ಲಿಸುವುದು ತಣ್ಣೀರು. ನೀರು ಹಾಕಿದರೆ ಬೊಬ್ಬೆ ಬರುತ್ತದೆ ಎನ್ನುವುದು ತಲೆಕೆಳಗಾದ ಮಾತು. ಬೊಬ್ಬೆ ಬರುವುದು ಬಿಸಿಯಿಂದ, ನೀರಿನಿಂದಲ್ಲ. ಡಾಕ್ಟರರು ಹೇಳುವ ಲೆಕ್ಕ 20 ನಿಮಿಷ. ಗಡಿಯಾರ ನೋಡುವ ವ್ಯವಧಾನ ಆಗ ಯಾರಿಗಿರುತ್ತದೆ? ನಾನು ನನ್ನ ಸೊಸೆಗೆ ಬೇರೆ ಅಳತೆ ಹೇಳಿಕೊಟ್ಟಿದ್ದೇನೆ: ಹತ್ತು ಜೋಳದ ರೊಟ್ಟಿ ಬೇಯುವಷ್ಟು ಹೊತ್ತು. ಸುಟ್ಟು ಒಂದೆರಡು ತಾಸಾಗಿದ್ದರೂ ಬಿಡಬೇಡ. ಮೂರು ತಾಸಿನೊಳಗೆ ನೀರು ಹಾಕಿದರೂ ಉಪಯೋಗ ಉಂಟು.

ಇಪ್ಪತ್ತು ನಿಮಿಷ ನೀರು ಬಿಡು ಎಂದು ಬೆಂಗಳೂರಿನವರಿಗೆ ಹೇಳುವುದು ಬೇರೆ, ಉಮದಿಯವರಿಗೆ ಹೇಳುವುದು ಬೇರೆ ಎಂದು ನನಗೂ ಗೊತ್ತು. ನಮ್ಮದು ಮಳೆಯ ನೆರಳಿನ ನಾಡು. ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದವರು ನಾವು. 2022ರ ಕೊನೆಯಲ್ಲಿ ಜತ್ ತಾಲೂಕಿನ ಗಡಿ ಹಳ್ಳಿಗಳ ಹೆಸರು ಎರಡೂ ರಾಜ್ಯಗಳ ಪೇಪರುಗಳಲ್ಲಿ ಬಂತಲ್ಲ, ಮಹಾರಾಷ್ಟ್ರವೋ ಕರ್ನಾಟಕವೋ ಎಂಬ ಆ ಗದ್ದಲದ ಬೇರು ಇದ್ದದ್ದೂ ನೀರಿನಲ್ಲೇ. ಮ್ಹೈಸಾಳ ಯೋಜನೆಯ ನೀರಿಗಾಗಿ ಕಾದು ಕಾದು ಒಂದು ತಲೆಮಾರು ಮುದುಕಾಯಿತು. ಇಂಥ ಊರಿನ ಹೆಂಗಸಿಗೆ ನೀರು ಚೆಲ್ಲು ಎಂದರೆ ಎದೆ ಝಲ್ ಎನ್ನುತ್ತದೆ.

ಅದಕ್ಕೇ ಲೆಕ್ಕ ಹಾಕಿ ಹೇಳುತ್ತೇನೆ. ಧೋ ಎಂದು ಸುರಿಯಬೇಕಾಗಿಲ್ಲ. ಸಣ್ಣ ಧಾರೆ ಸಾಕು, ನಿಮಿಷಕ್ಕೆ ಒಂದು ತಂಬಿಗೆ. ಇಪ್ಪತ್ತು ತಂಬಿಗೆ ಎಂದರೆ ಎರಡು ಕೊಡವೂ ಆಗದು. ಕೆಳಗೆ ಪರಾತ ಇಟ್ಟುಕೊಂಡರೆ ಆ ನೀರು ತುಳಸಿಗೋ ದಾಳಿಂಬೆ ಗಿಡಕ್ಕೋ ಹೋಗುತ್ತದೆ. ಇರುವುದೇ ಒಂದು ಕೊಡ ಎಂದಾದರೆ ಅಗಲ ಬಾಯಿಯ ಪಾತ್ರೆಗೆ ಸುರಿದು ಕೈಯನ್ನು ಅದರಲ್ಲಿ ಮುಳುಗಿಸಿ ಕೂತುಕೋ. ಮುಖಕ್ಕೋ ಹೊಟ್ಟೆಗೋ ಆಗಿದ್ದರೆ ಶುಭ್ರ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಾಕು, ಬಟ್ಟೆ ಬೆಚ್ಚಗಾದಂತೆ ಮತ್ತೆ ಅದ್ದು.

ಇನ್ನೊಂದು ಮಾತು ನಮ್ಮ ಊರಿನದೇ. ಏಪ್ರಿಲ್ ಮಧ್ಯಾಹ್ನ ನಳದ ಕೆಳಗೆ ಕೈ ಒಡ್ಡಬೇಡ. ಮಾಳಿಗೆಯ ಮೇಲಿನ ಕರಿ ಟಾಂಕಿಯಲ್ಲಿ ಬಿಸಿಲಿಗೆ ಕಾದ ನೀರು ಮೊದಲ ಧಾರೆಗೇ ಸುಡುತ್ತದೆ. ಸುಟ್ಟ ಕೈಗೆ ಅದು ಗಾಯದ ಮೇಲೆ ಬರೆ. ಹರವಿಯದೋ ಗಡಿಗೆಯದೋ ನೀರು ತಣ್ಣಗೂ ಇರುತ್ತದೆ, ಕುಡಿಯುವ ನೀರಾದ್ದರಿಂದ ಶುದ್ಧವೂ ಇರುತ್ತದೆ. ಹಾಗೆಂದು ಫ್ರಿಜ್ಜಿನ ಬರ್ಫ ತಂದು ಒತ್ತಬೇಡ. ಅದು ಮೊದಲೇ ನೊಂದ ಚರ್ಮಕ್ಕೆ ಹೋಗುವ ರಕ್ತವನ್ನು ತಡೆದು ಗಾಯವನ್ನು ಇನ್ನೂ ಆಳ ಮಾಡುತ್ತದೆ. ಸಣ್ಣ ಕೂಸಾದರೆ ಸುಟ್ಟ ಜಾಗಕ್ಕಷ್ಟೇ ನೀರು ಹಾಕು, ಮೈಯ ಉಳಿದ ಭಾಗವನ್ನು ಬೆಚ್ಚಗೆ ಹೊದಿಸಿಡು.

ನೀರು ಹಾಕುತ್ತಲೇ ಬಳೆ, ಉಂಗುರ, ಕಾಲುಂಗುರ ತೆಗೆ. ಅರ್ಧ ತಾಸಿನಲ್ಲಿ ಬೆರಳು ಬಾತರೆ ಆಮೇಲೆ ಕತ್ತರಿಸಿಯೇ ತೆಗೆಯಬೇಕು. "ಮುತ್ತೈದಿ, ಬಳಿ ಹ್ಯಾಂಗ ತಗೀಲಿ?" ಎಂದು ಹಿಂಜರಿದವರನ್ನು ನೋಡಿದ್ದೇನೆ. ಮುತ್ತೈದಿತನ ಬೆರಳಿನ ಉಂಗುರದಾಗ ಇರೂದಿಲ್ಲವ್ವಾ, ಬೆರಳು ಉಳೀಲಿ ಮೊದಲ. ಮೈಗೆ ಅಂಟಿದ ಬಟ್ಟೆಯನ್ನು ಮಾತ್ರ ಎಳೆಯಬೇಡ, ಬಟ್ಟೆಯ ಜೊತೆ ತೊಗಲೂ ಬರುತ್ತದೆ. ಸುತ್ತಲಿನ ಬಟ್ಟೆ ಕತ್ತರಿಸಿ, ಅಂಟಿದ್ದನ್ನು ಅಲ್ಲೇ ಬಿಡು. ಬೊಬ್ಬೆ ಎದ್ದರೆ ಒಡೆಯಬೇಡ. ಅದು ದೇವರು ಕೊಟ್ಟ ಪಟ್ಟಿ, ಒಡೆದರೆ ಅಲ್ಲಿಂದಲೇ ನಂಜು ಒಳಹೋಗುತ್ತದೆ.

ಹಚ್ಚುವ ಮಾತಿಗೆ ಬಂದರೆ ನಮ್ಮ ಓಣಿಯಲ್ಲಿ ಮನೆಗೊಬ್ಬ ವೈದ್ಯರಿದ್ದಾರೆ. ಒಬ್ಬರದು ಟೂತ್‌ಪೇಸ್ಟು, ಒಬ್ಬರದು ಕಾಫಿ ಪುಡಿ, ಒಬ್ಬರದು ಸೆಗಣಿ, ಒಬ್ಬರದು ಇಡ್ಲಿ ಹಿಟ್ಟು. ತುಪ್ಪ, ಎಣ್ಣೆ ಬಿಸಿಯನ್ನು ಒಳಗೇ ಕಟ್ಟಿಹಾಕುತ್ತವೆ. ಟೂತ್‌ಪೇಸ್ಟು ತಣ್ಣಗೆನಿಸಿದರೂ ಗಾಯವನ್ನು ಕೆರಳಿಸುತ್ತದೆ. ಸೆಗಣಿಯಲ್ಲಿ ಧನುರ್ವಾಯುವಿನ ಬೀಜವೇ ಇರಬಹುದು. ಅರಿಷಿಣ, ಶಾಯಿ ಬಳಿದರೆ ಗಾಯ ಎಷ್ಟು ಆಳ ಎಂದು ಡಾಕ್ಟರರ ಕಣ್ಣಿಗೆ ಕಾಣುವುದೇ ಇಲ್ಲ. ತಣ್ಣೀರು ಮುಗಿದ ಮೇಲೆ ಒಗೆದ, ಒಣಗಿದ, ಎಳೆ ಬಿಡದ ಹತ್ತಿ ಬಟ್ಟೆಯನ್ನು ಸಡಿಲಾಗಿ ಮುಚ್ಚು. ಅಷ್ಟು ಸಾಕು.

ಯಾವಾಗ ದವಾಖಾನೆ? ಸುಟ್ಟವರ ಅಂಗೈಯೇ ಅಳತೆಗೋಲು. ಬೆರಳು ಸೇರಿಸಿ ಒಂದು ಅಂಗೈ ಎಂದರೆ ಅವರ ಮೈಯ ನೂರರಲ್ಲಿ ಒಂದು ಪಾಲು. ಅದಕ್ಕಿಂತ ಅಗಲವಾಗಿ ಸುಟ್ಟರೆ ಹೋಗಲೇಬೇಕು. ಮುಖ, ಕೈ, ಪಾದ, ಕೀಲು, ಮುಚ್ಚಿಡುವ ಅಂಗ, ಇವುಗಳಲ್ಲಿ ಯಾವುದು ಸುಟ್ಟರೂ ಗಾತ್ರ ನೋಡದೆ ಹೋಗು. ಕೂಸು, ಬಸುರಿ, ಮುದುಕರು, ಸಕ್ಕರೆ ಕಾಯಿಲೆಯವರು ಎಂದರೂ ಅಷ್ಟೇ. ನೋವಿದ್ದರೆ ದೊಡ್ಡ ಗಾಯ, ನೋವಿಲ್ಲದಿದ್ದರೆ ಸಣ್ಣದು ಎಂದು ಮಾತ್ರ ತಿಳಿಯಬೇಡ. ಸುಟ್ಟ ಜಾಗ ಬೆಳ್ಳಗೋ ಕಂದಾಗಿಯೋ ತೊಗಲಿನಂತೆ ಬಿಗಿದು, ಮುಟ್ಟಿದರೂ ತಿಳಿಯದಿದ್ದರೆ ಅಲ್ಲಿ ನೋವು ಹೇಳುವ ನರವೇ ಸುಟ್ಟಿದೆ ಎಂದರ್ಥ. ಅದಕ್ಕೆ ಹೆಚ್ಚು ಹೆದರಬೇಕು.

ನಮ್ಮ ಜಿಲ್ಲೆಯ ಊರು ಸಾಂಗ್ಲಿ ನೂರು ಕಿಲೋಮೀಟರಿನಾಚೆ, ವಿಜಯಪುರ ಅದರ ಅರ್ಧ ದೂರದಲ್ಲಿ. ಜೀವದ ಪ್ರಶ್ನೆ ಬಂದಾಗ ಗಡಿಯ ಗೆರೆ ನೋಡಬೇಡ, ಹತ್ತಿರದ್ದು ನೋಡು. ಮೊದಲು ಊರ ಸರಕಾರಿ ದವಾಖಾನೆ, ಅವರು ಕಳಿಸಿದಲ್ಲಿಗೆ ಮುಂದೆ. 108 ಆಂಬುಲೆನ್ಸು ಎರಡೂ ರಾಜ್ಯಗಳಲ್ಲಿ ಅದೇ ನಂಬರು. ರೇಷನ್ ಕಾರ್ಡು, ಆಧಾರ್ ಜೊತೆಗಿಟ್ಟುಕೋ. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಸುಟ್ಟಗಾಯದ ಚಿಕಿತ್ಸೆಯೂ ಸೇರಿದೆ. ಡಾಕ್ಟರರು ಮರಾಠಿಯಲ್ಲಿ ಕೇಳಿದರೆ ಗಾಬರಿಯಾಗಬೇಡ. ಏನು ಬಿತ್ತು, ಎಷ್ಟೊತ್ತಿಗೆ ಬಿತ್ತು, ಎಷ್ಟು ಹೊತ್ತು ನೀರು ಹಾಕಿದಿರಿ, ಈ ಮೂರು ಮಾತು ಯಾವ ಭಾಷೆಯಲ್ಲಾದರೂ ಹೇಳು. ಧನುರ್ವಾಯುವಿನ ಇಂಜೆಕ್ಷನ್ ಬೇಕೇ ಎಂದೂ ಕೇಳು.

ಇನ್ನು ಸುಡದ ಹಾಗೆ ನೋಡಿಕೊಳ್ಳುವ ಮಾತು. ಬೆಂಕಿ ಬಿದ್ದಾಗ ಬಾವಿ ತೋಡಿದರು ಎನ್ನುತ್ತಾರಲ್ಲ, ನಮ್ಮ ಊರಿನಲ್ಲಿ ತೋಡಿದರೂ ನೀರು ಬೀಳುವುದು ಅನುಮಾನ. ಮುಂಚೆಯೇ ಎಚ್ಚರ ಇರಲಿ.

ನಮ್ಮ ಅಡುಗೆಮನೆಯಲ್ಲಿ ಉರಿಗಿಂತ ಉಗಿ ಮೋಸಗಾರ. ಉರಿ ಕಣ್ಣಿಗೆ ಕಾಣುತ್ತದೆ, ಉಗಿ ಕಾಣುವ ಮೊದಲೇ ತಾಗಿರುತ್ತದೆ. ಒಂದು ಗ್ರಾಂ ನೀರನ್ನು ಬರ್ಫದ ತಂಪಿನಿಂದ ಕುದಿಯುವ ತನಕ ಕಾಯಿಸಲು 100 ಕ್ಯಾಲೊರಿ ಬೇಕು. ಕುದಿಯುವ ಅದೇ ನೀರು ಉಗಿಯಾಗಲು ಇನ್ನೂ 540 ಬೇಕು. ಉಗಿ ಕೈಗೆ ತಾಗಿ ಮತ್ತೆ ನೀರಾಗುವಾಗ ಆ ಬಡ್ಡಿಯನ್ನೆಲ್ಲ ನಿನ್ನ ಚರ್ಮಕ್ಕೆ ಕೊಟ್ಟುಬಿಡುತ್ತದೆ. ಮುಚ್ಚಳವನ್ನು ನಿನ್ನ ಕಡೆಗಲ್ಲ, ಆಚೆ ಬದಿಯಿಂದ ಎತ್ತು. ರೊಟ್ಟಿ ಹೆಂಚಿನ ಮೇಲೆ ಉಬ್ಬಿದಾಗ ಅಂಚಿನಲ್ಲಿ ಒತ್ತಬೇಡ, ಹರಿದ ಕಡೆಯಿಂದ ಉಗಿ ನೇರ ಬೆರಳಿಗೆ ಬರುತ್ತದೆ. ಜೋಳದ ಹಿಟ್ಟಿಗೆ ಎಸರು ಹಾಕಿದ ಮೇಲೆ ಮೊದಲು ಸೌಟಿನಿಂದ ಕೂಡಿಸು, ಕೈ ಆಮೇಲೆ. "ನನ್ನ ಕೈ ಪಳಗ್ಯಾವ" ಎನ್ನುವ ಹಿರಿಯರ ಜಂಬಕ್ಕೆ ಮರುಳಾಗಬೇಡ. ಪಳಗಿದ್ದು ಕೈಯಲ್ಲ, ಸುಟ್ಟು ಸುಟ್ಟು ಜಡ್ಡುಗಟ್ಟಿದ ತೊಗಲು.

ಕುಕ್ಕರಿನೊಳಗೆ ನೀರು 120 ಡಿಗ್ರಿಯ ತನಕ ಏರುತ್ತದೆ. ತೊಗರಿಬೇಳೆಯನ್ನು ಅರ್ಧಕ್ಕಿಂತ ಮೇಲೆ ತುಂಬಬೇಡ, ನೊರೆ ಎದ್ದು ಸೀಟಿಯ ಕಂಡಿ ಮುಚ್ಚುತ್ತದೆ. ಮುಚ್ಚುವ ಮುನ್ನ ಆ ಕಂಡಿಯನ್ನು ಬೆಳಕಿಗೆ ಹಿಡಿದು ನೋಡು. ಆಚೆಯ ಬೆಳಕು ಕಂಡರೆ ಸರಿ. ತಾನಾಗಿ ತಣಿಯದ ಕುಕ್ಕರಿನ ಜೊತೆ ಹಟ ಹಿಡಿದು ಮುಚ್ಚಳ ತಿರುಗಿಸಬೇಡ.

ಪಂಚಮಿಗೆ ಉಂಡಿ ಕಟ್ಟುವಾಗ ಬೆಲ್ಲದ ಆಣಕ್ಕೆ ಹೆದರು. ನೀರು ಬಿದ್ದರೆ ಹರಿದು ಹೋಗುತ್ತದೆ, ಆಣ ಬಿದ್ದರೆ ಅಂಟಿಕೊಂಡು ಅಲ್ಲೇ ಕೂತು ಸುಡುತ್ತದೆ. ಒರೆಸಹೋದರೆ ಹರಡುತ್ತದೆ. ಅದನ್ನೂ ನೀರಿನಲ್ಲೇ ಮುಳುಗಿಸು. ಜುಣಕ ಕುದಿಯುವಾಗ ಬುಳಕ್ ಬುಳಕ್ ಎಂದು ಮುಖಕ್ಕೆ ಹಾರುತ್ತದೆ. ಉರಿ ಸಣ್ಣ ಮಾಡಿ ಉದ್ದ ಹಿಡಿಕೆಯ ಸೌಟು ಹಿಡಿ. ಭಜಿ ಕರಿಯುವ ಎಣ್ಣೆ 180 ಡಿಗ್ರಿಯ ಆಸುಪಾಸು ಇರುತ್ತದೆ. ತೊಳೆದ ಮೆಣಸಿನಕಾಯಿಯನ್ನು ಒರೆಸದೆ ಹಾಕಿದರೆ ಎಣ್ಣೆ ಸಿಡಿಯದೆ ಏನು ಮಾಡೀತು? ಎಣ್ಣೆಗೆ ಬೆಂಕಿಯೇ ಹತ್ತಿದರೆ ಗ್ಯಾಸ್ ಬಂದ್ ಮಾಡಿ ಮೇಲೆ ಅಗಲವಾದ ಮುಚ್ಚಳವನ್ನೋ ಪರಾತವನ್ನೋ ಬೋರಲು ಹಾಕು. ಇಷ್ಟು ಹೊತ್ತು ನೀರು ನೀರು ಎಂದ ನಾನೇ ಹೇಳುತ್ತೇನೆ: ಇಲ್ಲಿ ಮಾತ್ರ ನೀರು ಬೇಡ. ನೀರು ಎಣ್ಣೆಯ ತಳಕ್ಕೆ ಇಳಿದು ಒಮ್ಮೆಲೇ ಉಗಿಯಾಗಿ ಉರಿಯುವ ಎಣ್ಣೆಯನ್ನು ಮಾಳಿಗೆಗೆ ಎರಚುತ್ತದೆ.

ಸಪ್ತಾಹದ ಪಂಕ್ತಿಯಲ್ಲಿ ಬಡಿಸುವ ತಮ್ಮಂದಿರಿಗೂ ಒಂದು ಮಾತು. ನಮ್ಮೂರಿನವರೇ ಆದ ಭಾವೂಸಾಹೇಬ ಮಹಾರಾಜರು (1843–1914) ಇಂಚಗೇರಿಯಲ್ಲಿ ಮಠ ಕಟ್ಟಿದರು, ಆ ಹೆಸರಿನ ಭಜನೆ, ಸಪ್ತಾಹ ಈ ಸೀಮೆಯಲ್ಲಿ ಇಂದಿಗೂ ನಡೆದಿವೆ. ಕಡಾಯಿಯಿಂದ ಬಕೇಟಿಗೆ ಕುದಿಯುವ ಸಾರು ತೋಡಿಕೊಂಡು, ಕೂತ ಮಕ್ಕಳ ತಲೆಯ ಮೇಲಿಂದ ಹಾಯುತ್ತೀರಿ. ಬಕೇಟು ಅರ್ಧ ಮಾತ್ರ ತುಂಬಿ, ಮಕ್ಕಳ ಪಂಕ್ತಿಗೆ ಸಾರು ಸ್ವಲ್ಪ ಆರಿದ ಮೇಲೆ ತನ್ನಿ. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೇ ಐದು ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ, ಮಕ್ಕಳ ತೊಗಲಿಗೆ ಅಷ್ಟೂ ಹೊತ್ತು ಬೇಡ. ಮನೆಯ ಬಚ್ಚಲಲ್ಲೂ ಇದೇ ನೇಮ: ಬಕೇಟಿಗೆ ಮೊದಲು ತಣ್ಣೀರು, ಆಮೇಲೆ ಹಂಡೆಯ ನೀರು. ಕೂಸಿಗೆ ಎರೆಯುವ ಮುನ್ನ ನಿನ್ನ ಮೊಣಕೈ ಅದ್ದಿ ನೋಡು.

ಗ್ಯಾಸಿನ ವಿಷಯಕ್ಕೆ ಬರೋಣ. ಒಲೆ ಕಟ್ಟೆಯ ಮೇಲಿರಲಿ, ಸಿಲಿಂಡರ್ ನೆಲದ ಮೇಲೆ ನೆಟ್ಟಗಿರಲಿ. ಈ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿದು ಕೂರುತ್ತದೆ. ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ ಬಾಗಿಲು ಕಿಟಕಿ ತೆಗೆ. ಲೈಟಿನ ಬಟನ್ನನ್ನು ಹಾಕಲೂ ಬೇಡ, ತೆಗೆಯಲೂ ಬೇಡ. ಅಂಗಳಕ್ಕೆ ಬಂದು 1906ಕ್ಕೆ ಫೋನು ಮಾಡು. ಸೋರುವ ಜಾಗ ಹುಡುಕಲು ಸಬಕಾರದ ನೊರೆ ಹಚ್ಚಬೇಕು, ಕಡ್ಡಿ ಗೀರಬಾರದು. ಕಿತ್ತಳೆ ಬಣ್ಣದ ಪೈಪಿನ ಆಯುಸ್ಸು ಐದು ವರ್ಷ. ಸಿಲಿಂಡರಿನ ಹಿಡಿಕೆಯ ಒಳಪಟ್ಟಿಯಲ್ಲಿ ಎ, ಬಿ, ಸಿ, ಡಿ ಅಕ್ಷರದ ಜೊತೆ ವರ್ಷ ಬರೆದಿರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಡಿ ಎಂದರೆ ಅಕ್ಟೋಬರದಿಂದ ಡಿಸೆಂಬರ್. ಅದು ಮತ್ತೆ ತಪಾಸಣೆ ಮಾಡಬೇಕಾದ ಗಡುವು. ದಾಟಿದ್ದರೆ ಬಾಗಿಲಲ್ಲೇ ತಿರುಗಿ ಕಳಿಸು.

ಸೆರಗು ಸೊಂಟಕ್ಕೆ ಸಿಕ್ಕಿಸಿಕೋ. ಹಿರಿಯರ ಮುಂದೆ ತಲೆ ಮೇಲೆ ಸೆರಗಿರಲಿ, ಒಲೆಯ ಮುಂದೆ ಬೇಡ. ಯಾರಾದರೂ ಕೇಳಿದರೆ ನನ್ನ ಹೆಸರು ಹೇಳು. ಸೆರಗಿನಿಂದಲೇ ಬಿಸಿ ಬೋಗುಣಿ ಇಳಿಸುವ ಚಾಳಿ ನಮಗೆಲ್ಲ ಇದೆ, ಅದನ್ನು ನೀನು ಕಲಿಯಬೇಡ, ಇಕ್ಕಳ ಹಿಡಿ. ನೈಲಾನು, ಪಾಲಿಸ್ಟರಿನ ಸೀರೆ ಕರಗಿ ಮೈಗೆ ಅಂಟುತ್ತದೆ, ಅಡುಗೆಗೆ ಹತ್ತಿಯದೇ ಸರಿ. ಸೆರಗಿಗೆ ಬೆಂಕಿ ಹತ್ತಿದರೆ ಓಡಬೇಡ. ಓಡಿದಷ್ಟೂ ಗಾಳಿ, ಗಾಳಿ ಹೊಕ್ಕಷ್ಟೂ ಉರಿ. ನಿಂತಲ್ಲೇ ನೆಲಕ್ಕೆ ಬಿದ್ದು ಉರುಳು. ನೋಡಿದವರು ಕುರಿ ಉಣ್ಣೆಯ ಕಂಬಳಿ ಹೊದಿಸಲಿ, ಉಣ್ಣೆ ಬೇಗ ಹೊತ್ತುವುದಿಲ್ಲ. ಬೆಂಕಿ ಆರಿದ ಮರುಗಳಿಗೆ ಕಂಬಳಿ ತೆಗೆದು ನೀರು.

ಒಂದು ಮಾತನ್ನು ದನಿ ತಗ್ಗಿಸಿ ಹೇಳಬೇಕು. ನಮ್ಮ ಕಾಲಕ್ಕೆ "ಸ್ಟೋ ಸಿಡಿದು ಗೃಹಿಣಿ ಸಾವು" ಎಂದು ಪೇಪರಿನ ಮೂಲೆಯಲ್ಲಿ ಬರುತ್ತಿತ್ತು. ಎಲ್ಲವೂ ಸ್ಟೋ ಸಿಡಿದದ್ದಲ್ಲ. ವರದಕ್ಷಿಣೆಯ ಸಾವಿಗೆಂದೇ 1986ರಲ್ಲಿ ಕಾಯಿದೆಯಲ್ಲಿ ಬೇರೆ ಕಲಮು ಸೇರಿಸಬೇಕಾಗಿ ಬಂತು. ಯಾವ ಹೆಣ್ಣುಮಗಳಾದರೂ ದವಾಖಾನೆಯಲ್ಲಿ ಮಲಗಿ "ನಾನೇ ಸುಟ್ಟುಕೊಂಡೆ" ಎನ್ನುವಾಗ ಅವಳ ಕಣ್ಣು ಬೇರೇನೋ ಹೇಳುತ್ತಿದ್ದರೆ, ಸುತ್ತ ನಿಂತವರನ್ನು ಹೊರಗೆ ಕಳಿಸಿ ಮತ್ತೊಮ್ಮೆ ಕೇಳು. 112ಕ್ಕೂ 181ಕ್ಕೂ ಫೋನು ಮಾಡಲು ಯಾರ ಅಪ್ಪಣೆಯೂ ಬೇಡ.

ಇಷ್ಟು ಬುದ್ಧಿ ಹೇಳುವ ನಾನು ಕಲಿತವಳೇ? ಅದನ್ನೂ ಕೇಳು. ಕೆಲವು ವರ್ಷದ ಹಿಂದೆ ಯುಗಾದಿಯ ಮರುದಿನ, ಸೊಸೆ ಭಜಿ ಕರಿಯುವಾಗ ಎಣ್ಣೆ ಸಿಡಿದು ಮಣಿಕಟ್ಟಿನ ಮೇಲೆ ಬಿತ್ತು. ನಳಕ್ಕೆ ಓಡಿದಳು, ಟಾಂಕಿಯ ಕಾದ ನೀರು ಬಿದ್ದು ಎರಡನೇ ಸಲ ಚೀರಿದಳು. ನಾನು ಎಳೆದುಕೊಂಡು ಬಂದು ಹರವಿಯ ಹತ್ತಿರ ಕೂರಿಸಿ ತಂಬಿಗೆಯಿಂದ ಹಾಕತೊಡಗಿದೆ. ಒಂದು, ಎರಡು, ಮೂರು. ಐದನೆಯ ತಂಬಿಗೆಗೆ ನನ್ನ ಕೈ ತಾನೇ ನಿಂತಿತು. ಯಾರೂ ತಡೆಯಲಿಲ್ಲ. ಐವತ್ತು ವರ್ಷ ಸೊಂಟದ ಮೇಲೆ ಕೊಡ ಹೊತ್ತವಳ ಕೈ ಅದು. "ಸಾಕಲ್ಲವಾ?" ಎಂಬ ಮಾತು ಬಾಯಿಯ ತನಕ ಬಂದಿತ್ತು. ಅತ್ತೆಯವರು ಅಂದು ಯಾಕೆ ನೀರು ಬೇಡವೆಂದರು ಎನ್ನುವುದಕ್ಕೆ ಇನ್ನೊಂದು ಕಾರಣ ಇದ್ದಿರಬಹುದೆಂದು ನನಗೆ ಹೊಳೆದದ್ದು ಆಗಲೇ. ಬರ ಕಂಡ ಮನೆಯಲ್ಲಿ ತುಂಬಿದ ಹರವಿ ಎಂದರೆ ಪೆಟ್ಟಿಗೆಯ ಬಂಗಾರದ ಹಾಗೆ, ಮುಟ್ಟಲು ಮನಸ್ಸು ಬಾರದು.

ಕಣ್ಣು ನನ್ನ ಪಾದದ ಮೇಲೆ ಬಿತ್ತು. ಆರನೆಯ ತಂಬಿಗೆ ಎತ್ತಿದೆ. ಹತ್ತು ರೊಟ್ಟಿಯ ಹೊತ್ತು ಹಾಕಿದೆ. ಈಗ ಅವಳ ಮಣಿಕಟ್ಟಿನಲ್ಲಿ ಎಲ್ಲಿ ಸುಟ್ಟಿತ್ತೆಂದು ಹುಡುಕಿದರೂ ಸಿಗುವುದಿಲ್ಲ.

ಅಂದು ರಾತ್ರಿಯ ಊಟಕ್ಕೆ ಹರವಿ ಬರಿದಾಗಿತ್ತು. ಪಕ್ಕದ ಮನೆಯಿಂದ ಒಂದು ಕೊಡ ಕಡ ತಂದು ಕುಡಿದೆವು, ಮರುದಿನ ಟ್ಯಾಂಕರ್ ಬಂದಾಗ ತುಂಬಿ ತಿರುಗಿ ಕೊಟ್ಟೆವು. ನೀರು ಕಡ ಸಿಗುತ್ತದೆ, ತಂಗಿ.